ಅಂಬ್ರಪ್ಪನ ಪಾಲಿನ ಗೋಡೆ

ನಮ್ಮ ಚರ್ಚಿನ ಸಭೆಯ ಜನಕ್ಕೆ ಒಬ್ಬರ ಮೈಮೇಲೆ ಇನ್ನೊಬ್ಬರು ಕೈ ಮಾಡಲು ಹೆಚ್ಚು ಹೊತ್ತು ಬೇಡ. ಆದರೆ ಒಬ್ಬರ ಪಾಲಿನ ಗೋಡೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಇದು ತಿಳಿಯದಿದ್ದರೆ ಆ ವರ್ಷ ನಡೆದ ರಂಪ ಯಾರಿಗೂ ಅರ್ಥವಾಗುವುದಿಲ್ಲ.

ಕೆಂಭಾವಿಯಿಂದ ಹೊಲದ ದಾರಿ ಹಿಡಿದು ಬಂದರೆ ಊರಿಗಿಂತ ಮೊದಲು ನಮ್ಮ ಚರ್ಚು ಕಾಣುತ್ತದೆ. ನಿಜಾಮರ ಕಾಲದ್ದು. ದುಡ್ಡು ಯಾವ ದೊರೆ ಕೊಟ್ಟನೋ, ಕಲ್ಲು ಹೊತ್ತವರಂತೂ ನಮ್ಮ ಅಜ್ಜ-ಮುತ್ಯಾಗಳು. ಊರ ಬಾವಿಗೆ ಇಳಿಯುವ ಹಕ್ಕಿಲ್ಲದ ಜನ ಗುಡ್ಡದಿಂದ ಕಲ್ಲು ತಂದು, ಮನೆಗಿಷ್ಟು ಗೋಡೆ ಎಂದು ಹಂಚಿಕೊಂಡು ಕಟ್ಟಿದರು. ಇವತ್ತಿಗೂ ಕ್ರಿಸ್ಮಸ್ಸಿಗೆ ಮುಂಚೆ ಆಯಾ ಮನೆಯವರೇ ತಮ್ಮ ಪಾಲಿಗೆ ಸುಣ್ಣ ಹಚ್ಚಬೇಕು. ಹೊಸ ಸೊಸೆ ಮೊದಲು ಆ ಗೋಡೆಗೆ ಹಣೆ ಹಚ್ಚಿ, ಆಮೇಲೆ ಗಂಡನ ಮನೆಯ ಹೊಸ್ತಿಲು ತುಳಿಯಬೇಕು. ಪಾಲಿನವನು ಒಪ್ಪದೆ ಒಂದು ಕಲ್ಲೂ ಕದಲುವ ಹಾಗಿಲ್ಲ.

ಅಂಬ್ರಪ್ಪನ ಪಾಲು ದಕ್ಷಿಣದ ಮೂಲೆ. ಅದಕ್ಕೆ ಹತ್ತಿಯೇ ಅವನ ಎರೆ ಹೊಲ. ಕಾಲುವೆ ಬಂದ ಮೇಲೆ ಅವನು ಜೋಳ ಬಿಟ್ಟು ಭತ್ತ ಹಚ್ಚಿದ. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಯಲ್ಲಿ ದಿನವೂ ಅನ್ನ ಬೇಯತೊಡಗಿತು. ಯಾರಿಗೂ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಗದ್ದೆಯಲ್ಲಿ ನಿಂತ ನೀರು ಬುನಾದಿಗೂ ಇಳಿಯಿತು. ಮೂಲೆಯ ಗೋಡೆ ಹೊಟ್ಟೆ ಬಿಟ್ಟಿತು.

ಸಭೆಯ ಹಿರಿಯ ಚಂದ್ರಾಮಪ್ಪ ಅವನ ಮನೆಗೆ ಹೋಗಿ, ನೀರು ಹೊರಗೆ ಬಿಡು, ಇಲ್ಲವೆ ಗೋಡೆಗೆ ತೊಲೆ ಆನಿಸಲಾದರೂ ಒಪ್ಪು ಎಂದು ಕೇಳಿದ. ಭತ್ತ ಹಾಲು ತುಂಬುವ ಹೊತ್ತು, ನೀರು ಬಿಟ್ಟರೆ ತೆನೆಯೆಲ್ಲ ಜೊಳ್ಳು. ಅದಕ್ಕೆ ಅಂಬ್ರಪ್ಪ ಒಪ್ಪಲಿಲ್ಲ, ಸರಿ. ತೊಲೆಗೂ ಒಪ್ಪಲಿಲ್ಲ.

“ನಮ್ಮ ಮುತ್ಯಾ ಇಟ್ಟ ಕಲ್ಲು ನೀರಿಗಿ ಅಂಜ್ತದೇನ್ರಿ? ನಿಮ್ಮ ಗ್ವಾಡಿಗಿ ಬೇಕಾದ್ರ ತೊಲಿ ಕೊಡ್ರಿ.”

ಹುಂಬ ಮಾತು. ಆದರೆ ತಮ್ಮ ಪಾಲಿನ ಗೋಡೆಯಾಗಿದ್ದರೆ ನಮ್ಮಲ್ಲಿ ಯಾವ ಗಂಡಸೂ ಬೇರೆ ಮಾತಾಡುತ್ತಿರಲಿಲ್ಲ. ಎಲ್ಲರೂ ಹಲ್ಲು ಕಚ್ಚಿಕೊಂಡು ಆ ಮೂಲೆ ನೋಡುತ್ತ ಹಾಡು ಹೇಳಿದರು.

ಒಂದು ಭಾನುವಾರ ಆರಾಧನೆಯ ನಡುವೆ ಮೂಲೆಯಿಂದ ಕಲ್ಲೊಂದು ಕಳಚಿ ಹೆಂಗಸರ ಮಧ್ಯೆ ಬಿತ್ತು. ಅಂಬ್ರಪ್ಪನ ಹೆಂಡತಿ ದೇವಕಮ್ಮನ ಭುಜ ಕೆತ್ತಿಹೋಯಿತು. ಅವಳ ತಮ್ಮ ತಿಮ್ಮಣ್ಣ ಅದನ್ನು ನೋಡಿದ್ದೇ ತಡ, ಗದ್ದೆಗೆ ಓಡಿದ. ಉಳಿದ ಗಂಡಸರು ಬೈಬಲ್ಲನ್ನು ಹೆಂಗಸರ ಕೈಗೆ ಕೊಟ್ಟು ಬೆನ್ನು ಹತ್ತಿದರು. ಪಾಸ್ಟರು ಬಾಗಿಲಲ್ಲಿ ನಿಂತು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ತಿಮ್ಮಣ್ಣ ಸಲಿಕೆ ಎತ್ತಿ ಕೈಗೆ ಸಿಕ್ಕ ಬದುವನ್ನು ಕಡಿದ. ಸಿಟ್ಟಿಗೆ ಬುದ್ಧಿ ಎಲ್ಲಿರುತ್ತದೆ? ಹಳ್ಳದ ಕಡೆಯ ಬದು ಬಿಟ್ಟು ಚರ್ಚಿನ ಕಡೆಯದನ್ನೇ ಕಡಿದಿದ್ದ. ಗದ್ದೆಯ ನೀರೆಲ್ಲ ಗೋಡೆಯ ಬುಡಕ್ಕೆ ನುಗ್ಗಿತು. ಅಂಬ್ರಪ್ಪ ಹಾರೆ ಹಿಡಿದು ಬಂದವನೇ ಭಾಮೈದನ ಬಾಯಿಗೆ ಬೀಸಿದ. ತಿಮ್ಮಣ್ಣನ ಹಲ್ಲು ಕೆಸರಿಗೆ ಉದುರಿದವು.

“ಹುಚ್ಚ ಸೂಳೇಮಗನ, ಗ್ವಾಡಿ ಕೆಡವಾಕತ್ತೀಯಲ್ಲೋ,” ಎಂದು ಅಂಬ್ರಪ್ಪ ಬಾಗಿ, ಕೈಯಿಂದಲೇ ಮಣ್ಣು ಗೋರಿ ಬದು ಮುಚ್ಚತೊಡಗಿದ.

ಆ ಕೈಗಳ ಮೇಲೆಯೇ ತಿಮ್ಮಣ್ಣ ಸಲಿಕೆ ಇಳಿಸಿದ. ಒಂದು ಮಣಿಕಟ್ಟು ಹಸಿ ಕಟ್ಟಿಗೆ ಮುರಿದಂತೆ ಮುರಿಯಿತು. ಇನ್ನೊಂದನ್ನು ಯಾರೋ ಹಿಮ್ಮಡಿಯಿಂದ ತುಳಿದರು. ಉಳಿದವರು ಅವನ ಮುಖವನ್ನು ಕೆಸರಿಗೆ ಒತ್ತಿ, ಪಕ್ಕೆಗೆ ಒದ್ದರು. ಹಿಂದೆ ಓಡಿಬಂದು ಗಂಡನ ಮೇಲೆ ಅಡ್ಡ ಬಿದ್ದ ದೇವಕಮ್ಮನನ್ನು ತಿಮ್ಮಣ್ಣನೇ ಕೂದಲು ಹಿಡಿದು ಎಳೆದೊಗೆದ. ಅಕ್ಕನ ಭುಜ ಕೆತ್ತಿತೆಂದು ಓಡಿಬಂದವನು ಅವನು.

ಆಗ ಮೂಲೆ ಕುಸಿಯಿತು. ಒದೆಯುತ್ತಿದ್ದ ಕಾಲುಗಳು ಅಲ್ಲೇ ನಿಂತವು. ಎಲುಬು ಮುರಿದಾಗ ತುಟಿ ಪಿಟಕ್ಕೆನ್ನದ ಅಂಬ್ರಪ್ಪ, ಧೂಳು ಎದ್ದದ್ದು ನೋಡಿ ತಾಯಿ ಸತ್ತವನ ಹಾಗೆ ಅತ್ತ.

ಶಹಾಪುರದ ಆಸ್ಪತ್ರೆಯಲ್ಲಿ ಬದುವಿನಿಂದ ಜಾರಿ ಬಿದ್ದೆ ಎಂದಷ್ಟೇ ಬರೆಸಿದ. ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಮನೆ ಸೇರಿದ. ಗದ್ದೆಗೆ ಮತ್ತೆ ನೀರು ಬಿಡಲಿಲ್ಲ, ಭತ್ತ ನಿಂತಲ್ಲೇ ಜೊಳ್ಳಾಯಿತು. ಇತ್ತ ಚರ್ಚಿನ ಮೂಲೆ ಹಾಗೇ ಬಾಯಿ ತೆರೆದಿತ್ತು. ಪ್ರತಿ ಭಾನುವಾರ ಗಾಳಿ, ಧೂಳು, ನಾಯಿ, ಎಲ್ಲ ಒಳಗೆ ಬಂದವು. ಒಬ್ಬನೂ ಕಲ್ಲು ಎತ್ತಲಿಲ್ಲ. ಅವನ ಎಲುಬು ಮುರಿಯಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ, ಅವನ ಕಲ್ಲು ಎತ್ತಲು ಬೇಕಿತ್ತು. ಚಂದ್ರಾಮಪ್ಪ ಎಷ್ಟು ಸಲ ಹೋದರೂ ಅಂಬ್ರಪ್ಪ ಮನೆಯ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಕ್ರಿಸ್ಮಸ್ ಹತ್ತಿರವಾದಾಗ ಒಂದು ಮುಂಜಾನೆ ತಾನೇ ಬಂದು ಕಲ್ಲಿನ ರಾಶಿಯ ಮೇಲೆ ಕುಳಿತು ತಿಮ್ಮಣ್ಣನಿಗೆ ಹೇಳಿ ಕಳಿಸಿದ. ಸಭೆಯೆಲ್ಲ ನೆರೆಯಿತು. ತಿಮ್ಮಣ್ಣ ಬೊಚ್ಚು ಬಾಯಿ ಮುಚ್ಚಿಕೊಂಡು ಎದುರು ನಿಂತ.

“ನನ್ನ ಕೈ ಮುರದಾಂವ ನೀನು. ಗ್ವಾಡಿ ಏಳೂತನಕ ನನ್ನ ಕೈ ನೀನ. ಎತ್ತು.”

ಎರಡು ಮೂರು ಮಂದಿ ನೆರವಿಗೆ ಮುಂದೆ ಬಂದರು. ತನ್ನ ಮನೆಗೆ ಎರಡೇ ಕೈ ಎಂದು ಅಂಬ್ರಪ್ಪ ಅವರನ್ನು ತಡೆದ. ತಿಮ್ಮಣ್ಣ ಒಬ್ಬನೇ ಎತ್ತಿದ. ಅಂಗೈ ಸುಲಿಯಿತು, ಸುಲಿದಲ್ಲಿಗೆ ಸುಣ್ಣ ಹೊಕ್ಕು ಉರಿಯಿತು. ದಿನವೂ ಹೀಗೇ ನಡೆಯಿತು. ಕೊನೆಗೆ ಬೆರಳು ಮಡಚಲೂ ಬಾರದೆ, ಮೊಣಕೈ ನಡುವೆ ಕಲ್ಲು ಒತ್ತಿ ಹಿಡಿದು ಏರಿಸಿದ. ಹೆಂಗಸರು ಮುಖ ತಿರುಗಿಸಿದರು. ಇನ್ನು ಸಾಕು, ದೇವರು ಮೆಚ್ಚುವುದಿಲ್ಲ ಎಂದು ಚಂದ್ರಾಮಪ್ಪ ಬೇಡಿಕೊಂಡ. ಅಂಬ್ರಪ್ಪನ ಮುಖವೂ ಸಡಿಲವಾಯಿತು. ಸುಣ್ಣಕ್ಕೆ ನೀರು ಹಾಕುತ್ತಿದ್ದ ದೇವಕಮ್ಮನ ಕಡೆ ಅವನೂ ನೋಡಿದ, ತಿಮ್ಮಣ್ಣನೂ ಅಳುತ್ತ ನೋಡಿದ.

ಅವಳು ತಮ್ಮನನ್ನು ನೋಡಲಿಲ್ಲ. ಈಗಷ್ಟೇ ಇಟ್ಟ ಕಲ್ಲಿನ ಮೇಲೆ ಕೈಯಾಡಿಸಿ ಗಂಡನಿಗೆ ಹೇಳಿದಳು.

“ಸೊಟ್ಟ ಆಗ್ಯದ್ರಿ. ತಗದು ಮತ್ತ ಇಡು ಅನ್ರಿ ಅವಗ.”

ತಿಮ್ಮಣ್ಣ ಕಲ್ಲು ತೆಗೆದ. ಅದಕ್ಕೆ ಅವನ ರಕ್ತ ಹತ್ತಿತ್ತು. ಹಬ್ಬದ ಹಿಂದಿನ ದಿನ ಅದರ ಮೇಲೆ ಸುಣ್ಣ ಹಚ್ಚಿದವಳು ದೇವಕಮ್ಮನೇ.