ರೂಬೆನ್ ಆರ್ಟೇಗಾನ ಎಡಗಡೆ

ಚೆಂಡನ್ನು ಕೈಯಲ್ಲಿ ಎಸೆದು ಆಡುವ ನಮ್ಮ ಅಮೆರಿಕದ ಫುಟ್‌ಬಾಲ್ ವಿಷಯದಲ್ಲಿ ಹಾಯ್ಟ್ ಪಾರ್ನೆಲ್‌ಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಹಾಗಂತ ಅವನೇ ಹೇಳುತ್ತಾನೆ. ನಮ್ಮ ಹಾರ್ಲೋ ಊರಿನಲ್ಲಿ ದನದ ಮೇವಿನ ಅಂಗಡಿ ಇಟ್ಟುಕೊಂಡು, ಹೈಸ್ಕೂಲ್ ತಂಡದ ಪೋಷಕರ ಸಂಘಕ್ಕೆ ಅಧ್ಯಕ್ಷನೂ ಆಗಿರುವ ಮನುಷ್ಯ. ಪ್ಲೇಆಫ್ ಹತ್ತಿರ ಬಂತೆಂದರೆ ಭಾನುವಾರ ಚರ್ಚ್ ಮುಗಿಸಿ, ಹುರುಳಿಕಾಯಿಯೂ ಬೇಯಿಸಿದ ಮಾಂಸವೂ ತುಂಬಿದ ತಟ್ಟೆ ಹಿಡಿದುಕೊಂಡೇ ನಮ್ಮ ಶೆಡ್ಡಿಗೆ ಬಂದು ಕೂರುತ್ತಾನೆ. ಯಾರೂ ಕರೆದಿರುವುದಿಲ್ಲ.

ಶೆಡ್ಡು ಮೈದಾನದ ಪಕ್ಕದಲ್ಲಿದೆ. ಅದರೊಳಗೆ ಒಂದು ಪ್ರೊಜೆಕ್ಟರು, ಗೋಡೆಗೆ ಮೊಳೆ ಹೊಡೆದ ಬಿಳಿ ಬೆಡ್‌ಶೀಟು, ವರ್ಷಗಟ್ಟಲೆ ಒಣಗದ ಬೆವರಿನ ವಾಸನೆ. ಎಪ್ಪತ್ತೆಂಟನೇ ಇಸವಿಯ ಆ ಭಾನುವಾರ ಅಲ್ಲಿದ್ದವರು ಮೂರೇ ಜನ. ಕೋಚ್ ಮಗ್ರೂಡರ್, ಹಾಯ್ಟ್, ನಾನು. ನಾನು ಶಾಲೆಯಲ್ಲಿ ಚರಿತ್ರೆ ಪಾಠ ಹೇಳುತ್ತೇನೆ, ಸಂಜೆ ಕೋಚ್‌ಗೆ ಸಹಾಯಕ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ನುಗ್ಗಿ ಅವನನ್ನು ನೆಲಕ್ಕೆ ಕೆಡವುವ ಹುಡುಗರನ್ನು ತಯಾರು ಮಾಡುವುದು ನನ್ನ ಪಾಲಿನ ಕೆಲಸ. ಆ ಹುಡುಗರಲ್ಲಿ ಒಬ್ಬ ನನ್ನ ಮಗ ಲಾನಿ.

ಲಾನಿಗೆ ಅದು ಶಾಲೆಯ ಕೊನೆಯ ವರ್ಷ. ಮೈಕಟ್ಟು ಸಣ್ಣದು, ಯಾವ ಕಾಲೇಜಿನವರೂ ಅವನನ್ನು ಕೇಳಿಕೊಂಡು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನುಗ್ಗುವ ಹುಡುಗರ ಹೆಸರು ಪೇಪರಿನಲ್ಲಿ ಬರುವುದಿಲ್ಲ, ಗ್ಯಾಲರಿಯಲ್ಲಿ ಕೂತವರು ಕೂಗುವುದೂ ಇಲ್ಲ. ಪ್ಲೇಆಫ್‌ನಲ್ಲಿ ಎಂದು ಸೋತರೆ ಅಂದೇ ಅವನ ಆಟ ಮುಗಿಯಿತು. ಆಮೇಲೆ ಆ ಭುಜದ ಕವಚವನ್ನು ಅವನು ಜನ್ಮದಲ್ಲಿ ಮತ್ತೆ ತೊಡುವುದಿಲ್ಲ. ಅವನಿಗೆ ಇನ್ನೊಂದು ವಾರ, ಇನ್ನೊಂದು ಆಟ ಸಿಗಲಿ ಎನ್ನುವುದು ಬಿಟ್ಟರೆ ನನಗೆ ಆ ದಿನಗಳಲ್ಲಿ ಬೇರೆ ಆಸೆ ಇರಲಿಲ್ಲ.

ನಮ್ಮ ಎದುರಾಳಿ ಟೀಗ್ ಸ್ಪ್ರಿಂಗ್ಸ್ ಊರಿನ ತಂಡ. ಪ್ಲೇಆಫ್‌ಗೆ ಮುಂಚೆ ಎರಡೂ ಊರಿನ ಕೋಚ್‌ಗಳು ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಭೇಟಿಯಾಗಿ ತಂತಮ್ಮ ಆಟದ ಫಿಲ್ಮ್ ಡಬ್ಬಿಗಳನ್ನು ಬದಲಾಯಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಒಳ್ಳೆಯ ಆಟದ ಫಿಲ್ಮನ್ನೇ ಕೊಡಬೇಕು, ಅದರಲ್ಲಿ ಯಾರೂ ಮೋಸ ಮಾಡುವುದಿಲ್ಲ. ಹಾಗೆ ಬಂದ ಡಬ್ಬಿಯಲ್ಲಿದ್ದವನೇ ಅವರ ಕ್ವಾರ್ಟರ್‌ಬ್ಯಾಕ್ ರೂಬೆನ್ ಆರ್ಟೇಗಾ.

ಮೊದಲ ರೀಲು ಅರ್ಧ ಆಗುವಷ್ಟರಲ್ಲಿ ಹಾಯ್ಟ್ ತೀರ್ಪು ಕೊಟ್ಟಾಗಿತ್ತು. ತೋಳಿನಲ್ಲಿ ಕಸುವಿಲ್ಲ, ಚೆಂಡು ಗಾಳಿಯಲ್ಲಿ ತೇಲಿಕೊಂಡು ಹೋಗುತ್ತದೆ. ಓಟ ಬರುವುದಿಲ್ಲ. ಎಲ್ಲಕ್ಕಿಂತ ಮೋಸ, ಎಸೆಯುವ ಕಡೆಗೆ ಗದ್ದ ತಿರುಗಿಸಿಕೊಂಡು ನೋಡುತ್ತಾನೆ, ಎಲ್ಲಿಗೆ ಎಸೆಯುತ್ತೇನೆ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಕೋಚ್ ಇದಕ್ಕೆ ಒಪ್ಪಲಿಲ್ಲ. ಚೆಂಡು ತೇಲಿದರೂ ಹಿಡಿಯುವವನ ಕೈಗೇ ಹೋಗಿ ಬೀಳುತ್ತಿದೆಯಲ್ಲ, ಒಂದಾದರೂ ತಡವಾಗಿ ಹೋಗಿದ್ದು ತೋರಿಸು ಎಂದರು. ಹಾಯ್ಟ್ ತೋರಿಸಲಾರದೆ ಬೇರೆ ಕಡೆಗೆ ಹಾರಿದ.

"ಅದಿರ್ಲಿ ಕೋಚ್, ಇವ್ರ ಬುದ್ಧಿ ನೋಡಿ. ಮೊದಲ್ನೇ ಅರ್ಧದಲ್ಲೂ ಚೆಂಡು ಎದುರಾಳಿಗೇ ಬಿಟ್ಕೊಟ್ರು, ಎರಡನೇ ಅರ್ಧದಲ್ಲೂ ಬಿಟ್ಕೊಟ್ರು. ಚೆಂಡು ಬೇಡ, ನಮ್ಗೆ ಇಂಥ ದಿಕ್ಕು ಕೊಡಿ ಅಂತ ಕೇಳ್ಕೊಂಡಿದಾರೆ. ಗಾಳಿಗೆ ಹೆದರ್ಕೊಂಡು ಚೆಂಡೇ ದಾನ ಮಾಡೋ ಪುಣ್ಯಾತ್ಮರನ್ನ ನಾನು ನೋಡಿರ್ಲಿಲ್ಲ ಬಿಡಿ."

ನಾವೂ ಹೂಂಗುಟ್ಟಿದೆವು. ಪ್ರತಿ ಅರ್ಧ ಶುರುವಾಗುವಾಗ ಮೊದಲು ಚೆಂಡು ಬೇಕೋ, ಆಡುವ ದಿಕ್ಕು ಬೇಕೋ ಎಂದು ಕೇಳಿದರೆ ಎಲ್ಲರೂ ಚೆಂಡನ್ನೇ ಕೇಳುತ್ತಾರೆ. ವೆಸ್ಟ್ ಟೆಕ್ಸಸ್‌ನ ಜನ ನಾವು. ಬಾಗಿಲು ಬಡಿದುಕೊಂಡರೂ ಗಾಳಿ, ಹತ್ತಿ ಕೆಟ್ಟರೂ ಗಾಳಿ, ಹೆಂಡತಿ ಸಿಡುಕಿದರೂ ಗಾಳಿ. ಯಾರಾದರೂ ಮೈದಾನದ ದಿಕ್ಕು ಆರಿಸಿಕೊಂಡರೆ ಅದಕ್ಕೆ ಇನ್ನೊಂದು ಕಾರಣ ಇರಬಹುದು ಎಂದು ನಮ್ಮ ತಲೆಗೆ ಹೊಳೆಯುವುದೇ ಇಲ್ಲ.

ಆಗ ಫಿಲ್ಮಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಯಾರೋ ರೂಬೆನ್‌ನನ್ನು ಕೆಡವಿದರು. ಅವನ ತಂಡದ ಹುಡುಗನೊಬ್ಬ ಬಂದು ಎಬ್ಬಿಸಲೆಂದು ಎಡಗಡೆಯಿಂದ ಕೈ ಚಾಚಿದ. ರೂಬೆನ್ ಆ ಕೈ ಹಿಡಿಯಲಿಲ್ಲ, ಬೇಡವೆಂದೂ ಅನ್ನಲಿಲ್ಲ, ಕೈ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಕೂತಿದ್ದ. ಆ ಹುಡುಗ ಬೇಸರಪಟ್ಟುಕೊಳ್ಳದೆ ಸುತ್ತು ಬಳಸಿ ಬಲಗಡೆಗೆ ಹೋಗಿ ಕೈ ಚಾಚಿದ. ಈ ಸಲ ರೂಬೆನ್ ಹಿಡಿದುಕೊಂಡು ಎದ್ದ.

ನಾನು ಕೋಚ್‌ಗೆ ಅದನ್ನು ಹಿಂದಕ್ಕೆ ತಿರುಗಿಸಲು ಹೇಳಿದೆ. ಮತ್ತೆ ನೋಡಿದೆ. ನನ್ನ ಅಪ್ಪ ಎಣ್ಣೆ ಬಾವಿಯ ಕೆಲಸದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದರು. ಆ ಕಡೆಯಿಂದ ತಟ್ಟೆ ಇಟ್ಟರೆ ಊಟವೇ ಬಂದಿಲ್ಲವೆಂದು ಅಮ್ಮನ ಮೇಲೆ ರೇಗುತ್ತಿದ್ದರು. ಮಾತಾಡಿಸಿದರೆ ಇಡೀ ಗದ್ದ ತಿರುಗಿಸಿ ನೋಡುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವನಿಗೆ ಅದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

"ಕೋಚ್, ಈ ಹುಡುಗನಿಗೆ ಎಡಗಣ್ಣು ಕಾಣಲ್ಲ," ಎಂದೆ.

ಹಾಯ್ಟ್ ನಕ್ಕ. ನಕ್ಕವನು ಬೆಡ್‌ಶೀಟಿನ ಮೇಲೆ ಮತ್ತೊಂದು ಎಸೆತ ನೋಡಿದ, ಇನ್ನೊಂದು ನೋಡಿದ, ಆಮೇಲೆ ನಗು ನಿಲ್ಲಿಸಿದ. ಕೋಚ್ ಎದ್ದು ರೀಲನ್ನು ಮೊದಲಿನಿಂದ ಹಾಕಿದರು. ನಾವು ಕುಂದು ಎಂದು ಎಣಿಸಿದ್ದೆಲ್ಲ ಒಂದೊಂದಾಗಿ ಬೇರೆಯೇ ಆಗತೊಡಗಿತು. ಗದ್ದ ತಿರುಗಿಸುವುದು ದಡ್ಡತನವಾಗಿರಲಿಲ್ಲ, ಅರ್ಧ ಮೈದಾನವನ್ನು ಅವನು ಹಾಗೆಯೇ ಕಾಣಬೇಕಿತ್ತು. ಚೆಂಡು ಮೆಲ್ಲಗೆ ತೇಲಿಸುವುದು, ದೂರ ಎಷ್ಟೆಂದು ಒಂದೇ ಕಣ್ಣಿನಿಂದ ಹೇಳಲಾಗದೆ. ಹಿಡಿಯುವವನು ಎಷ್ಟು ಹೆಜ್ಜೆಗೆ ಎಲ್ಲಿರುತ್ತಾನೆಂದು ಬಾಯಿಪಾಠ ಮಾಡಿಕೊಂಡು, ಅವನು ತಲುಪುವ ಜಾಗಕ್ಕೆ ಎಸೆಯುತ್ತಿದ್ದ. ಎಡಗಡೆಯಿಂದ ಲಾರಿ ಬಂದ ಹಾಗೆ ಬಂದು ಗುದ್ದಿದರೂ ಬರುವವರೆಗೆ ಅವನಿಗೆ ತಿಳಿಯುವುದಿಲ್ಲ. ಅದು ಗೊತ್ತಿದ್ದೂ ಪ್ರತಿಯೊಂದು ಸಲವೂ ಅಲ್ಲಿ ನಿಂತು ಎಸೆಯುತ್ತಿದ್ದಾನೆ. ಇಂಥದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

"ಆ ಬಾವುಟ ನೋಡು," ಎಂದರು ಕೋಚ್. ಕಂಬದ ಮೇಲಿನ ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಆ ದಿನ ಗಾಳಿಯೇ ಇರಲಿಲ್ಲ.

ಅಲ್ಲಿಂದ ಮುಂದೆ ಲೆಕ್ಕ ಸುಲಭವಾಗಿತ್ತು. ಪ್ರತಿ ಕಾಲು ಭಾಗಕ್ಕೂ ತಂಡಗಳು ದಿಕ್ಕು ಬದಲಿಸುತ್ತವೆ. ಅವರು ಕೇಳಿಕೊಂಡ ದಿಕ್ಕಿನಲ್ಲಿ ಆಡಿದರೆ ಕೊನೆಯ ಕಾಲು ಭಾಗದಲ್ಲಿ, ಎಲ್ಲ ತೀರ್ಮಾನವಾಗುವ ಹೊತ್ತಿನಲ್ಲಿ, ಅವರ ತಂಡದಲ್ಲಿ ಆಡದೆ ಉಳಿದ ಹುಡುಗರೆಲ್ಲ ರೂಬೆನ್‌ನ ಎಡಗಡೆಗೆ, ಮೈದಾನದಂಚಿನ ಗೆರೆಯ ಮೇಲೆ ನಿಂತಿರುತ್ತಾರೆ. ಫಿಲ್ಮಿನಲ್ಲಿ ನೋಡಿದರೆ ಆ ಗೆರೆಯ ಮೇಲೆ ಎಲ್ಲರ ಬಾಯಿಯೂ ತೆರೆದಿತ್ತು. ಏನು ಕೂಗಿ ಅವನನ್ನು ಎಚ್ಚರಿಸುತ್ತಿದ್ದರೋ, ಫಿಲ್ಮಿಗೆ ಶಬ್ದವಿಲ್ಲ. ಆ ಒಂದು ಕಣ್ಣಿಗಾಗಿ ಒಂದು ಇಡೀ ತಂಡ ಎರಡು ಸಲ ಚೆಂಡನ್ನು ಬಿಟ್ಟುಕೊಡುತ್ತಿತ್ತು.

ಮೊದಲು ಬಾಯಿ ಬಿಟ್ಟವನು ಹಾಯ್ಟ್. "ಹಂಗಾದ್ರೆ ಇನ್ನೇನು, ಎಡಗಡೆಯಿಂದ ಲಾನಿನ ಬಿಡಿ. ಗೆದ್ದಂಗೆ."

ನಾನು ಸಿಡುಕಿದೆ. ಕಾಣದ ಕಡೆಯಿಂದ ಹೋಗಿ ಹೊಡೆಯುವುದನ್ನು ಮಗನಿಗೆ ಕಲಿಸಬೇಕೇನಯ್ಯಾ ಎಂದೆ. ಆದರೆ ಸುಳ್ಳೇಕೆ ಹೇಳಲಿ, ಲಾನಿಗೆ ಇನ್ನೊಂದು ವಾರ ಸಿಕ್ಕಿತೆಂದು ಮನಸ್ಸಿನೊಳಗೆ ಆಗಲೇ ಕುಣಿದಾಗಿತ್ತು.

ಕೋಚ್ ಪ್ರೊಜೆಕ್ಟರ್ ಆರಿಸಿ ನನ್ನ ಕಡೆ ತಿರುಗಿದರು. "ವರ್ಲಿನ್, ಆ ಹುಡುಗ ಯಾರ ಹತ್ರನೂ ಕನಿಕರ ಕೇಳಿಲ್ಲ. ಕೇಳ್ಬಾರ್ದು ಅಂತಾನೇ ಇಷ್ಟು ಕಷ್ಟಪಟ್ಟಿದಾನೆ. ನಾವು ಮೆತ್ತಗೆ ಆಡಿದ್ರೆ ಅವ್ನ ಮುಖಕ್ಕೆ ಉಗಿದಂಗೆ. ಲಾನಿನ ಎಡಗಡೆಯಿಂದ್ಲೇ ಕಳ್ಸು. ನಿಯಮ ಮೀರ್ಬಾರ್ದು, ಹೊಡ್ದಾದ್ಮೇಲೆ ಎಬ್ಬಿಸ್ಬೇಕು. ಬಲಗಡೆಯಿಂದ ಕೈ ಕೊಟ್ಟು ಎಬ್ಬಿಸ್ಲಿ."

ಶನಿವಾರ ಮಧ್ಯಾಹ್ನ ಎರಡೂ ಊರಿಗೆ ಸೇರದ ಮೈದಾನವೊಂದರಲ್ಲಿ ಆಟ. ಟಾಸ್ ಗೆದ್ದವರು ಟೀಗ್ ಸ್ಪ್ರಿಂಗ್ಸ್‌ನವರೇ. ಚೆಂಡು ನಮಗೆ ಕೊಟ್ಟು ದಿಕ್ಕು ಕೇಳಿಕೊಂಡರು. ನಮ್ಮ ಗ್ಯಾಲರಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ.

ಮೊದಲ ಕಾಲು ಭಾಗದಲ್ಲಿ ರೂಬೆನ್‌ನ ಎಡಕ್ಕೆ ಇದ್ದವರು ನಾವು. ಲಾನಿ ಕಣ್ಣಿಗೆ ಕಾಣದ ಕಡೆಯಿಂದ ಹೋಗಿ ಅವನನ್ನು ಹೊಡೆದುರುಳಿಸಿದ ಸದ್ದು ನನ್ನ ಹಲ್ಲಿಗೆ ತಾಗಿತು. ನನಗೇ ತಿಳಿಯದೆ ಒಂದು ಹೆಜ್ಜೆ ಗೆರೆ ದಾಟಿದ್ದೆ. ಲಾನಿ ಬಲಗಡೆಗೆ ಹೋಗಿ ಕೈ ಕೊಟ್ಟ. ರೂಬೆನ್ ಗದ್ದ ತಿರುಗಿಸಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೈ ಹಿಡಿದು ಎದ್ದ. ಮುಂದಿನ ಸಲವೂ ಅದೇ ಜಾಗದಲ್ಲಿ, ಬೆನ್ನು ಬಾಗಿಸದೆ ನಿಂತು ಎಸೆದ. ನಮ್ಮ ಹುಡುಗರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಭಾಗದಲ್ಲಿ ಅವರ ಗೆರೆ ಎಡಕ್ಕೆ ಬಂದರೂ ಚೆಂಡು ನಮ್ಮ ಕೈಯಲ್ಲೇ ಉಳಿದು, ರೂಬೆನ್ ಎಸೆಯುವ ಪ್ರಸಂಗವೇ ಬರಲಿಲ್ಲ. ಮೂರನೆಯ ಭಾಗ ಮುಗಿದಾಗ ನಾವು ಮುಂದಿದ್ದೆವು. ನಾನು ಮನಸ್ಸಿನಲ್ಲೇ ಮುಂದಿನ ವಾರದ ಆಟಕ್ಕೆ ಲಾನಿಯನ್ನು ತಯಾರು ಮಾಡುತ್ತಿದ್ದೆ.

ಕೊನೆಯ ಭಾಗಕ್ಕೆ ದಿಕ್ಕು ಬದಲಾಯಿತು. ಟೀಗ್ ಸ್ಪ್ರಿಂಗ್ಸ್‌ನ ಹುಡುಗರು, ಅವರ ಕೋಚ್, ನೀರು ಕೊಡುವವರು ಎಲ್ಲ ಬಂದು ಗೆರೆಯಂಚಿಗೆ ನಿಂತರು. ಅವರ ಹಿಂದೆ ಗ್ಯಾಲರಿಯ ಜನವೂ ಎದ್ದು ನಿಂತರು. ಒಬ್ಬರೂ ಮಾತಾಡುತ್ತಿರಲಿಲ್ಲ. ಚೆಂಡು ರೂಬೆನ್‌ನ ಕೈಗೆ ಬಂತು, ಲಾನಿ ಎದುರಿನವನನ್ನು ಸರಿಸಿ ಒಳಗೆ ನುಗ್ಗಿದ, ಆಗ ಅಷ್ಟೂ ಜನ ಒಂದೇ ಬಾಯಲ್ಲಿ ಕೂಗಿದರು.

"ಲಾನೀ!"

ಲಾನಿ ಬೆಚ್ಚಿದ. ರೂಬೆನ್ ತಿರುಗದೆಯೇ ಪಕ್ಕಕ್ಕೆ ಸರಿದು ಎಸೆದ. ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಮುಂದಿನ ಸಲ ನಮ್ಮ ಇನ್ನೊಬ್ಬ ಹುಡುಗ ನುಗ್ಗಿದಾಗ ಅವರು ತೆಪ್ಪಗಿದ್ದರು. ಲಾನಿ ನುಗ್ಗಿದಾಗ ಮತ್ತೆ ಅದೇ ಕೂಗು, ಅದರಲ್ಲಿ ಗ್ಯಾಲರಿಯ ಹೆಂಗಸರ ದನಿಯೂ ಇತ್ತು. ಹಾರ್ಲೋ ಊರಿನ ಗ್ಯಾಲರಿ ಒಂದು ದಿನವೂ ಕೂಗದ ಹೆಸರು ಅದು.

ಗಡಿಯಾರದಲ್ಲಿ ಇನ್ನು ಒಂದೇ ಎಸೆತಕ್ಕೆ ಸಮಯವಿತ್ತು. ಆಗಲೂ ನಾವೇ ಮುಂದೆ. ಲಾನಿಯ ಎದುರಿನವನು ಕಾಲು ಜಾರಿ ಬಿದ್ದ. ರೂಬೆನ್‌ಗೂ ಲಾನಿಗೂ ನಡುವೆ ಒಬ್ಬನೂ ಇರಲಿಲ್ಲ. ಆ ಕೂಗು ಎದ್ದಾಗ ಕಿವಿ ಗಡಚಿಕ್ಕಿತು. ರೂಬೆನ್ ಓಡಲಿಲ್ಲ, ಹಿಂದಿರುಗಿ ನೋಡಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಲಾನಿಯ ಎರಡೂ ಕೈ ಅವನ ಬೆನ್ನಿನ ಹಿಂದೆ ಬರಿ ಗಾಳಿಯನ್ನು ತಬ್ಬಿಕೊಂಡವು. ಚೆಂಡು ಮೆಲ್ಲಗೆ ತೇಲುತ್ತಾ ಮೈದಾನದ ಬಲಮೂಲೆಗೆ, ಅಲ್ಲಿ ಯಾರೂ ಇಲ್ಲದ ಜಾಗಕ್ಕೆ ಹೋಯಿತು. ಅದು ಇಳಿಯುವ ಹೊತ್ತಿಗೆ ಅವರ ಹುಡುಗ ಅಲ್ಲಿ ಬಂದು ನಿಂತಿದ್ದ. ಹಿಡಿದ, ಅಂಕವೂ ಅವರದ್ದಾಯಿತು, ಆಟವೂ ಅವರದ್ದಾಯಿತು.

ಕೋಚ್ ಮಗ್ರೂಡರ್ ಟೋಪಿ ತೆಗೆದರು. ನಾನು ಸೋತವನಂತೆ ಅಲ್ಲ, ಆಕಾಶದಲ್ಲಿ ಏನೋ ಕಂಡವನಂತೆ ಬಾಯಿ ತೆರೆದು ನಿಂತಿದ್ದೆ. ಮಗನ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಲಾನಿ ಬಿದ್ದಲ್ಲೇ ಮಂಡಿಯೂರಿ ಕೂತಿದ್ದ. ನಾನು ತಲುಪುವ ಮೊದಲೇ ರೂಬೆನ್ ಅಲ್ಲಿಗೆ ಬಂದು ಕೈ ಕೊಟ್ಟು ಎಬ್ಬಿಸುತ್ತಿದ್ದ. ನನ್ನನ್ನು ನೋಡಲು ಪೂರ್ತಿ ತಿರುಗಿದ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಎಲ್ಲಿಯೋ.

"ಸರ್, ನೀವು ಇವ್ನ ಅಪ್ಪ ಅಲ್ವಾ? ಈ ವಾರ ಪೂರ್ತಿ ಇವ್ನ ಫಿಲ್ಮೇ ನೋಡಿದ್ವಿ. ನನ್ನ ಬಿಟ್ಬಿಡಿ, ನಮ್ಮೂರಿನ ದೊಡ್ಡೋರೆಲ್ಲ ಕೂತ್ಕೊಂಡು ಇವ್ನಲ್ಲಿ ಏನಾದ್ರೂ ಕುಂದು ಸಿಗುತ್ತಾ ಅಂತ ಹುಡುಕಿದ್ರು. ಸಿಗ್ಲಿಲ್ಲ. ಬೇರೆ ಯಾರು ಎಡಗಡೆಯಿಂದ ಬಂದ್ರೂ ಹೆಂಗೋ ನಿಭಾಯಿಸ್ತೀನಿ, ಇವ್ನು ಬಂದ್ರೆ ಮಾತ್ರ ಹೇಳಿ ಅಂದೆ. ಅದಕ್ಕೇ ಎಲ್ರೂ ಹೆಸರು ಕಲ್ತ್ಕೊಂಡು ಬಂದಿದ್ರು."

ಲಾನಿ ರೂಬೆನ್‌ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೊನೆಯ ವರ್ಷದ ಹುಡುಗರು ಕವಚ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದರು. ಇಬ್ಬರು ಮೂವರು ಅಳುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರನ್ನು ಯಾರೂ ಅವಸರಪಡಿಸುವುದಿಲ್ಲ. ನಾನು ಲಾನಿಯ ಎದುರು ಕೂತು ಅವನ ಭುಜದ ಪಟ್ಟಿಗೆ ಕೈ ಹಾಕಿದೆ.

"ಅಪ್ಪಾ, ಅವರ ಅಮ್ಮಂದಿರೂ ಕೂಗ್ತಿದ್ರು, ಅಲ್ವಾ?"

"ಹೂಂ."

"ನನಗೆ ಹೆದರ್ಕೊಂಡಾ?"

"ಹೂಂ ಮಗಾ. ಊರಿಗೂರೇ."

ಅವನ ಮುಖದಲ್ಲಿ ಆಗ ಬಂದ ನಗುವನ್ನು ನಾನು ಯಾವ ಗೆಲುವಿನ ದಿನವೂ ಕಂಡಿರಲಿಲ್ಲ. ಅವನೇ ನನ್ನ ಕೈ ಸರಿಸಿ, ಪಟ್ಟಿ ಬಿಚ್ಚಿ, ಕವಚ ತೆಗೆದು ಬೆಂಚಿನ ಮೇಲಿಟ್ಟು, ಸ್ನಾನಕ್ಕೆ ಹೋದ.