ಕಮಾನಿನ ಕೆಳಗೆ ಒಂದು ಲೋಟ ಟೀ

ಶಿವಯೋಗಪ್ಪನವರಿಗೆ ಬುದ್ಧಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಭದ್ರಾವತಿಯಲ್ಲಿ ಅವರದೊಂದು ಬೆಂಕಿ ಇಟ್ಟಿಗೆಯ, ಅಂದರೆ ಕುಲುಮೆಯ ಕಾವು ತಡೆಯುವ ಇಟ್ಟಿಗೆಯ, ಕಾರ್ಖಾನೆಯಿತ್ತು. ಬಿ.ಎಸ್ಸಿ. ಮುಗಿಸಿದ ನಾನು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ದಿನಾ ಶಿವಮೊಗ್ಗದಿಂದ ಬೆಳಗಿನ ರೈಲು ಹಿಡಿದು, ಅಲ್ಲಿ ಇಟ್ಟಿಗೆ ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಆ ವರ್ಷ ಸಾಹುಕಾರರು ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಹಗುರ ಇಟ್ಟಿಗೆ ಮಾಡಿಸಿದರು. ಸುಡುವಾಗ ಹೊಟ್ಟು ಉರಿದುಹೋಗಿ ಇಟ್ಟಿಗೆಯ ತುಂಬ ಸಣ್ಣ ಸಣ್ಣ ತೂತು ಉಳಿಯುತ್ತದೆ. ಕಾವು ಹೊರಗೆ ಹೋಗುವುದಿಲ್ಲ, ಸೌದೆ ಉಳಿಯುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಿತ್ತು. ನಮ್ಮ ದೊಡ್ಡ ಭಟ್ಟಿಯ ಚಾವಣಿಯ ಕಮಾನನ್ನೂ ಅದರಲ್ಲೇ ಕಟ್ಟಿಸಲು ಹೊರಟರು.

ನಾನು ಆ ಇಟ್ಟಿಗೆಯ ಪಟ್ಟಿಯೊಂದನ್ನು ಚಿಕ್ಕ ಭಟ್ಟಿಯಲ್ಲಿ ಎರಡು ಕಲ್ಲುಗಳ ಮೇಲೆ ಮಲಗಿಸಿ, ನಡುವೆ ಭಾರ ಇಟ್ಟು, ಕಾವು ಇಳಿಯದ ಹಾಗೆ ನೋಡಿಕೊಂಡೆ. ಮೊದಲ ದಿನ ಬೇಗ ಬಗ್ಗಿತು. ಆಮೇಲೆ ದಿನಕ್ಕೆ ಒಂದೇ ಸಮನೆ, ಚೂರು ಚೂರು. ಹನ್ನೊಂದನೆಯ ದಿನ ಒಮ್ಮೆಲೇ ಜಗ್ಗಿತು. ಹನ್ನೆರಡಕ್ಕೆ ಎರಡು ತುಂಡು. ಕಮಾನಿನ ಮೇಲಿನ ಭಾರ ಇಷ್ಟಿರುವುದಿಲ್ಲ. ಅದಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ ಮೂವತ್ತು ದಿನದ ಕಾವು, ಅಂದರೆ ಸಲಕ್ಕೆ ಐದು ದಿನದಂತೆ ಆರು ಸಲ ಸುಟ್ಟರೆ ಮುಗಿಯಿತು. ಗ್ರಾಫ್ ಬರೆದೆ. ಕಮಾನಿನ ಚಿತ್ರವನ್ನೂ ಬರೆದು, ಮೊದಲು ಬಿಡುವ ಜಾಗಕ್ಕೆ ಕೆಂಪು ಗುರುತು ಹಾಕಿದೆ. ಅದು ನಟ್ಟನಡುವೆ ಇರಲಿಲ್ಲ, ಬೆಂಕಿ ನೇರ ಬಡಿಯುವ ಎಡಮೂಲೆಯಲ್ಲಿತ್ತು.

ಸಾಹುಕಾರರು ಗ್ರಾಫಿನ ಕೊನೆಯ ಎರಡು ಚುಕ್ಕೆಗಳನ್ನು ಹೆಬ್ಬೆಟ್ಟಿನಿಂದ ಮುಚ್ಚಿದರು. ಉಳಿದ ನೇರ ಗೆರೆಗೆ ಅಳತೆಪಟ್ಟಿ ಇಟ್ಟರು.

"ಹೀಗೇ ಹೋದ್ರೆ ಎರಡು ವರ್ಷ ಬರ್ತದಲ್ಲ ಉಮಾ?"

"ಹೆಬ್ಬೆಟ್ಟು ತೆಗೀರಿ ಸಾವ್ಕಾರ್ರೇ."

ತೆಗೆಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ. ಮಡಿಸಿ ಕೊಟ್ಟ ಚಿತ್ರವನ್ನಂತೂ ಬಿಚ್ಚಿ ನೋಡುವುದಿಲ್ಲ ಎಂದು ಬದಿಗೆ ಸರಿಸಿದರು.

ಕಮಾನು ಕಟ್ಟಿದವರು ಅಬ್ಬಾಸ್ ಅಲಿ. ಕೆಳಗಿನ ಮರದ ಆಸರೆ ಬಿಚ್ಚಿದ ಕೂಡಲೇ, ಕಟ್ಟಿದ ಮೇಸ್ತ್ರಿ ಕಮಾನಿನ ಕೆಳಗೆ ಸ್ಟೂಲು ಹಾಕಿಕೊಂಡು ಒಂದು ಲೋಟ ಟೀ ಕುಡಿಯಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಅವರು ನಿಧಾನವಾಗಿ ಕುಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಟೀ ಕುಡ್ದಾಯ್ತು. ಇನ್ನು ನಿನ್ನ ಗ್ರಾಫ್ ಒಲೆಗೆ ಹಾಕು ಮಾರಾಯ್ತಿ" ಎಂದರು ಸಾಹುಕಾರರು.

ತಣ್ಣಗಿನ ಕಮಾನಿನ ಕೆಳಗೆ ಯಾರು ಬೇಕಾದರೂ ಟೀ ಕುಡಿಯಬಹುದು!

ಪ್ರತಿ ಸಲ ಭಟ್ಟಿ ಆರಿದ ಮೇಲೆ ಇಟ್ಟಿಗೆ ತೆಗೆಯಲು ಮೊದಲು ಒಳಗೆ ಹೋಗುವವರೂ ಅಬ್ಬಾಸ್ ಅಲಿಯೇ. ನಾನು ಬಾಗಿಲಲ್ಲಿ ನಿಂತು ಬಿದಿರಿನ ಗಳು ಹಿಡಿದು ಅಳೆಯುತ್ತಿದ್ದೆ. ಐದನೆಯ ಸಲದವರೆಗೆ ಕಮಾನು ಒಟ್ಟು ಎರಡು ಬೆರಳು ಇಳಿದಿತ್ತು. ಆರನೆಯ ಸಲ ಅಳೆದಾಗ ನಾಲ್ಕು.

"ಒಳಗೆ ಹೋಗ್ಬೇಡಿ ಸಾಬ್ರೇ."

"ನಾನು ಕಟ್ಟಿದ್ದು ಬೇಟಿ. ನಾನೇ ಹೆದರಿದ್ರೆ ಜನ ಏನಂತಾರೆ?" ಎನ್ನುತ್ತಾ ಕೈಗೆ ಗೋಣಿ ಸುತ್ತಿಕೊಳ್ಳತೊಡಗಿದರು.

ಸಾಹುಕಾರರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಸ್ಟೂಲನ್ನು ಬಾಗಿಲ ಒಳಗೆ ತಳ್ಳಿದೆ. ಒಂದು ಲೋಟ ಟೀ ತರಿಸಿ ಎಲ್ಲರೆದುರು ಶಿವಯೋಗಪ್ಪನವರ ಕೈಗೆ ಕೊಟ್ಟೆ.

"ಕಟ್ಟಿದವರು ಕೂತಾಯ್ತು. ಈಗ ಇಟ್ಟಿಗೆ ಆರಿಸಿದವರು ಕೂತ್ಕೊಳ್ಳಿ."

ಕೆಲಸದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಂದು ನಿಂತರು. ಸಾಹುಕಾರರು ನಕ್ಕರು. ಬಗ್ಗಿ ಒಂದು ಕಾಲು ಒಳಗಿಟ್ಟು, ತಲೆ ಎತ್ತಿದರು. ಬೇರೆ ಯಾರಾದರೂ ಆಗಿದ್ದರೆ ನಡುವೆ ನೋಡುತ್ತಿದ್ದರು. ಅವರ ಕಣ್ಣು ನೇರ ಎಡಮೂಲೆಗೆ ಹೋಯಿತು. ಕಾಲು ಹಿಂದೆ ಬಂತು.

"ಒಳಗೆ ಧೂಳು ಜಾಸ್ತಿ" ಎಂದರು.

ಹಾಗಾದರೆ ಚಿತ್ರ ಬಿಚ್ಚಿ ನೋಡಿದ್ದರು. ನೋಡಿಯೂ ಮೇಸ್ತ್ರಿಯನ್ನು ಒಳಗೆ ಕಳಿಸಿದ್ದರು! ಸಾಹುಕಾರರ ಕಣ್ಣು ಹೋದದ್ದನ್ನು ಅಬ್ಬಾಸ್ ಅಲಿಯೂ ಕಂಡಿದ್ದರು. ಆ ಎಡಮೂಲೆ ಅವರಿಗೂ ಗೊತ್ತಿತ್ತು, ನಾನೇ ತೋರಿಸಿದ್ದೆ. ಅವರು ಕೈಗೆ ಸುತ್ತಿದ್ದ ಗೋಣಿ ಬಿಚ್ಚಿ ಕೆಳಗಿಟ್ಟರು.

"ಐದು ಸಲ ಒಳಗೆ ಹೋಗಿದ್ದೀನಿ ಸಾವ್ಕಾರ್ರೇ" ಎಂದರು.