ಕೊನೆಯ ಸಾಲಿನಲ್ಲಿ ಅಪ್ಪ

ರಂಗಮಂದಿರದಲ್ಲಿ ಅವಳನ್ನು ಎಲ್ಲರೂ ರಾಣಿಯಮ್ಮ ಎಂದೇ ಕರೆಯುತ್ತಿದ್ದರು. ಯಾವ ನಾಟಕವಾಗಲಿ, ರಾಣಿಯ ಪಾತ್ರ ಅವಳದೇ. ಅಲ್ಲಿನ ಬಡಗಿ ಅವಳ ಅಪ್ಪ. "ಮಗಳನ್ನ ಸಿಂಹಾಸನದ ಮೇಲೆ ಕೂರಿಸಿದೋನು ನಾನು. ಅದರ ಕಾಲು ಅಲ್ಲಾಡದ ಹಾಗೆ ನೋಡ್ಕೊಂಡೋನೂ ನಾನೇ," ಎಂದು ಅವರು ನಗಿಸುತ್ತಿದ್ದರು.

ರಾಣಿಗೆ ದೂರದ್ದು ಕಾಣುತ್ತಿರಲಿಲ್ಲ. ಮನೆಯಲ್ಲಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕುತ್ತಿದ್ದಳು. ಬಣ್ಣ ಹಚ್ಚಿದ ಮೇಲೆ ಅದನ್ನು ತೆಗೆದಿಡಲೇಬೇಕು. ಲೆನ್ಸ್ ಹಾಕಿದರೆ ಕಣ್ಣು ಕೆಂಡವಾಗುತ್ತಿತ್ತು. ಹಾಗಾಗಿ ಜೊತೆಯ ನಟರನ್ನು ದನಿಯಿಂದ ಗುರುತು ಹಿಡಿದು ಹೇಗೋ ನಿಭಾಯಿಸುತ್ತಿದ್ದಳು. ಎದುರಿನ ಜನವೆಲ್ಲ ಅವಳಿಗೆ ಕಲಸಿಟ್ಟ ಕತ್ತಲು.

"ಲೇಸರ್ ಮಾಡಿಸ್ಕೋ ಪುಟ್ಟಿ," ಎಂದು ಅಪ್ಪ ಆಗಾಗ ಹೇಳುತ್ತಿದ್ದರು. ಕಣ್ಣಿನ ಹತ್ತಿರ ಬ್ಲೇಡು ಎಂದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು.

"ಈಗ ಬ್ಲೇಡೇ ಬೇಡವಂತೆ ಕಣೆ. ಎಲ್ಲಾ ಬೆಳಕಲ್ಲೇ ಮುಗಿಸ್ತಾರಂತೆ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಈ ಮಾತು ಇಲ್ಲಿಗೇ ಮುಗಿಯಲಿ ಎಂದು, "ನನಗೆಲ್ಲ ಚೆನ್ನಾಗೇ ಕಾಣತ್ತಪ್ಪ. ಕೊನೇ ಸಾಲಲ್ಲಿ ನೀನು ಕೂತಿರೋದೂ ಕಾಣತ್ತೆ," ಎಂದುಬಿಟ್ಟಳು. ಅಪ್ಪನ ಮುಖ ಅರಳಿತು. ಆಮೇಲೆ ಅವರು ಲೇಸರಿನ ಸುದ್ದಿ ಎತ್ತಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ, ಹೊಸ ಬಡಗಿ ಕೂರಿಸಿದ್ದ ಮೆಟ್ಟಿಲು ಕಾಣದೆ ರಾಣಿ ಮುಗ್ಗರಿಸಿ ಸೇನಾಪತಿಯ ಮೇಲೆ ಬಿದ್ದಳು. ಜನ ನಕ್ಕರು. ನಿರ್ದೇಶಕರು ನಗಲಿಲ್ಲ. "ಕಣ್ಣು ಸರಿ ಮಾಡಿಸ್ಕೊಂಡು ಬಾಮ್ಮ. ನಿನ್ನ ಪಾತ್ರ ಎಲ್ಲೂ ಹೋಗಲ್ಲ," ಎಂದರು.

ಆಸ್ಪತ್ರೆಯಲ್ಲಿ ಮಲಗುವ ಮುಂಚೆ ಅವಳು ಪಕ್ಕದ ಟ್ರೇ ಮೇಲೆ ಬಾಗಿ ನೋಡಿದಳು. "ಬ್ಲೇಡು ಎಲ್ಲಿಟ್ಟಿದ್ದೀರಿ, ಡಾಕ್ಟ್ರೇ?"

"ಹುಡುಕಿದ್ರೂ ಸಿಗಲ್ಲ," ಎಂದರು ಡಾಕ್ಟರಮ್ಮ. "ಒಂದು ಲೇಸರ್ ಕಣ್ಣಿನ ಮೇಲಿನ ತೆಳು ಪದರ ಬಿಡಿಸತ್ತೆ. ಇನ್ನೊಂದು ಒಳಗೆ ತಿದ್ದತ್ತೆ. ಪದರ ಮತ್ತೆ ಅದರ ಜಾಗಕ್ಕೆ ಕೂರಿಸ್ತೀನಿ. ಹೊಲಿಗೆ ಕೂಡ ಇಲ್ಲ."

ಮರಗಟ್ಟಿಸುವ ಹನಿ ಬಿತ್ತು. ಕಣ್ಣನ್ನು ಯಾರೋ ಮೆಲ್ಲಗೆ ಅದುಮಿದಂತಾಯಿತು. ಎದುರಿಗೊಂದು ಬೆಳಕಿನ ಚುಕ್ಕಿ, ಕೂದಲು ಸುಟ್ಟಂಥ ಸಣ್ಣ ವಾಸನೆ. ಅಷ್ಟರಲ್ಲಿ ಏಳಬಹುದು ಎಂದರು.

"ಇಷ್ಟೇನಾ?"

"ಇಷ್ಟೇ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಷ್ಟಕ್ಕೆ ಅಷ್ಟು ವರ್ಷ ಹೆದರಿದ್ದೆನಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಾಚೆಯ ಮರದ ಎಲೆಗಳು ಒಂದೊಂದೇ ಬೇರೆಬೇರೆಯಾಗಿ ಕಂಡಾಗ, ಇದನ್ನು ಯಾರಿಗೆ ಹೇಳಬೇಕೋ ಅವರೇ ಇಲ್ಲ ಎನ್ನಿಸಿತು.

ಮತ್ತೆ ಬಣ್ಣ ಹಚ್ಚಿದ ದಿನ ಅವಳು ಮೊದಲ ಬಾರಿಗೆ ಜನರನ್ನು ಕಂಡಳು. ಒಬ್ಬಾಕೆ ಆಕಳಿಸುತ್ತಿದ್ದಳು, ಒಬ್ಬ ತಾತ ಬಾಯಿ ತೆರೆದು ನೋಡುತ್ತಿದ್ದ. ಕೊನೆಯ ಸಾಲಿನವರೆಗೂ ಮುಖಗಳೇ ಮುಖಗಳು.

ನಾಟಕ ಮುಗಿದ ಮೇಲೆ, ಬಾಗಿಲಲ್ಲಿ ಟಿಕೆಟ್ ಹರಿಯುವಾತ ಬಣ್ಣದ ಕೋಣೆಗೆ ಚಹಾ ತಂದುಕೊಟ್ಟ. "ಇವತ್ತು ನಿಮ್ಮ ಕಣ್ಣು ಎಲ್ಲಾ ಕಡೆ ಓಡಾಡ್ತಿತ್ತಲ್ಲ, ರಾಣಿಯಮ್ಮ."

"ಈಗ ಕಾಣತ್ತಣ್ಣ. ಮುಂಚೆ ಮೊದಲನೇ ಸಾಲೂ ಕಾಣ್ತಿರಲಿಲ್ಲ."

ಅವನು ಹೊರಟವನು ನಿಂತ. "ಹಾಗಾದ್ರೆ ನಿಮ್ಮಪ್ಪ ಕೈ ಎತ್ತುತ್ತಿದ್ದದ್ದು?"

"ಯಾವ ಕೈ?"

"ಪ್ರತಿ ಸಲ ಪರದೆ ಬೀಳೋ ಮುಂಚೆ ಎದ್ದು ನಿಂತು ನಿಮ್ಮ ಕಡೆ ಕೈ ಎತ್ತೋರು. ನೀವು ಅವರ ಕಡೆಗೇ ನೋಡಿ ಸುಮ್ಮನೆ ಒಳಗೆ ಹೋಗ್ತಿದ್ರಿ. ಒಂದ್ಸಲ ನಾನೇ ಕೇಳಿದೆ, ಮಗಳಿಗೆ ಕಾಣಲ್ವಾ ಅಂತ. 'ಕಾಣತ್ತೆ ಕಣೋ, ಅವಳೇ ಹೇಳಿದ್ದಾಳೆ. ರಾಣಿಯಾದವಳು ಅಷ್ಟು ಜನರ ಮುಂದೆ ಬಡಗಿಗೆ ಕೈ ಬೀಸಕ್ಕಾಗತ್ತಾ' ಅಂತ ನಕ್ಕುಬಿಟ್ರು."

"ನಕ್ರಾ?"

"ಹೂಂ. ನಗ್ತಾನೇ ಸುತ್ತಿಗೆ ಎತ್ಕೊಂಡು ಹೋದ್ರು."

ಅವನು ಹೋದ ಮೇಲೆ ರಾಣಿ ಚಹಾ ಮುಟ್ಟಲಿಲ್ಲ. ಕಣ್ಣು ಉಜ್ಜಬೇಡಿ ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೆನ್ನೆಯ ಬಣ್ಣದ ಮೇಲೆ ನೀರು ಗೆರೆ ಎಳೆಯುತ್ತ ಇಳಿಯುವುದನ್ನು ಕನ್ನಡಿಯಲ್ಲಿ ನೋಡುತ್ತ ಕೂತಳು.